ಎರೆ ನಾಡಿನ ರಸ್ತೆಗೆ ಹಳೆಯ ವೇಗದ ಕಾರು: ಕೊಳ್ಳುವ ಮುನ್ನ, ಮಾರ್ಪಡಿಸುವ ಮುನ್ನ

ನರಗುಂದ, ರೋಣ, ಗಜೇಂದ್ರಗಡ ಭಾಗದ ವರ್ತಕನಿಗೆ ಕಾರು ಇಂದು ಅಂಗಡಿಯ ತಕ್ಕಡಿಯಷ್ಟೇ ಅಗತ್ಯವಾದ ಸಾಧನ. ಬೆಳಿಗ್ಗೆ ಹುಬ್ಬಳ್ಳಿಯ ಮಾರುಕಟ್ಟೆಗೆ ಹೋಗಿ, ಮಧ್ಯಾಹ್ನ ಕೊಣ್ಣೂರಿನ ಗಿರಾಕಿಯನ್ನು ಕಂಡು, ಸಂಜೆ ಹೊಲದ ದಾರಿಯಲ್ಲಿ ಹೆಸರು ಇಲ್ಲವೇ ಗೋವಿನಜೋಳದ ರಾಶಿಯನ್ನು ನೋಡಿ ಮರಳುವುದು ಅನೇಕ ಅಡತಿ ವ್ಯಾಪಾರಿಗಳ ದಿನಚರಿ. ಇಂಥವರಲ್ಲಿ ಕೆಲವರು, ವಿಶೇಷವಾಗಿ ಯುವ ಉದ್ಯಮಿಗಳು, ಹೊಸ ಸಾಧಾರಣ ಕಾರಿನ ಬದಲು ಅದೇ ಬೆಲೆಗೆ ಅಥವಾ ಕಡಿಮೆ ಬೆಲೆಗೆ ದೊರೆಯುವ ಹಳೆಯ, ಹೆಚ್ಚು ಶಕ್ತಿಯ ಕಾರನ್ನು ಕೊಂಡು ಅದನ್ನು ಹಳ್ಳಿಯ ರಸ್ತೆಗೆ ಹೊಂದುವಂತೆ ಮಾರ್ಪಡಿಸಿಕೊಳ್ಳಲು ಬಯಸುತ್ತಾರೆ. ಈ ಅಪೇಕ್ಷೆ ತಪ್ಪೇನಲ್ಲ. ಆದರೆ ಲೆಕ್ಕ, ಯಂತ್ರಜ್ಞಾನ ಮತ್ತು ಕಾನೂನು ಈ ಮೂರರಲ್ಲಿ ಒಂದನ್ನು ಮರೆತರೂ ಅಂಗಡಿಯ ದುಡಿಮೆಯ ಬಂಡವಾಳ ಗ್ಯಾರೇಜಿನಲ್ಲಿ ಸಿಲುಕುತ್ತದೆ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ಪರಿಶೀಲಿಸೋಣ.

1. ಮೊದಲು ರಸ್ತೆಯ ಅಧ್ಯಯನ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನರಗುಂದದ ಮೂಲಕವೇ ಹಾದುಹೋಗುತ್ತದೆ. ಆ ರಸ್ತೆಯಲ್ಲಿ ಶಕ್ತಿಯುತ ಎಂಜಿನ್ನಿನ ಪ್ರಯೋಜನ ನಿಜ: ಲಾರಿಯನ್ನು ಹಿಂದಿಕ್ಕಲು ಬೇಕಾಗುವ ಸಮಯ ಮತ್ತು ದೂರ ಕಡಿಮೆಯಾಗುತ್ತವೆ. ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಿದೊಡನೆ ಚಿತ್ರ ಬದಲಾಗುತ್ತದೆ. ನಮ್ಮದು ಎರೆ ಭೂಮಿ. ಈ ಮಣ್ಣಿನ ಜೇಡಿ ನೀರುಂಡಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅಲೆಯಂತೆ ಏರಿಳಿಯುವುದಕ್ಕೂ ಅಂಚುಗಳು ಮುರಿಯುವುದಕ್ಕೂ ಇದು ಮುಖ್ಯ ಕಾರಣ. ಮಳೆಗಾಲದಲ್ಲಿ ಈ ಮಣ್ಣು ಗಾಲಿಯ ಗೂಡಿನಲ್ಲಿ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ನುಣ್ಣನೆಯ ಧೂಳಾಗಿ ಏರ್ ಫಿಲ್ಟರ್ ಮತ್ತು ರೇಡಿಯೇಟರನ್ನು ಕಟ್ಟುತ್ತದೆ. ಹೆಸರಿನ ಸುಗ್ಗಿ ಮಳೆಯ ದಿನಗಳಲ್ಲಿಯೇ ಬರುವುದರಿಂದ, ವ್ಯಾಪಾರಿಗೆ ಹೊಲದ ದಾರಿ ಹೆಚ್ಚು ಬೇಕಾಗುವುದೂ ಆ ದಾರಿ ಕೆಡುವುದೂ ಏಕಕಾಲಕ್ಕೆ.

ನೀರಿನ ಅಪಾಯ ಇನ್ನೊಂದು. ಮಲಪ್ರಭೆ ಮತ್ತು ಬೆಣ್ಣಿಹಳ್ಳ ಉಕ್ಕಿದಾಗ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಲಖಮಾಪುರ, ವಾಸನ ಗ್ರಾಮಗಳು ಪ್ರವಾಹಕ್ಕೆ ಸಿಲುಕಿದುದು ಎಲ್ಲರಿಗೂ ನೆನಪಿದೆ.

ಆದುದರಿಂದ ಕೊಳ್ಳುವವರು ಮೊದಲು ಒಂದು ತಿಂಗಳ ತಮ್ಮ ಓಡಾಟವನ್ನು ಕಾಗದದ ಮೇಲೆ ಬರೆಯಬೇಕು: ಹೆದ್ದಾರಿ ಎಷ್ಟು ಕಿಲೋಮೀಟರು, ಹಳ್ಳಿಯ ಡಾಂಬರು ಎಷ್ಟು, ಚಕ್ಕಡಿ ದಾರಿ ಎಷ್ಟು. ಮೂರನೆಯದು ವಾರಕ್ಕೊಮ್ಮೆಗಿಂತ ಹೆಚ್ಚಿದ್ದರೆ ತಗ್ಗಿನ ವೇಗದ ಕಾರು ಯುಕ್ತ ಆಯ್ಕೆಯಾಗಲಾರದು. ಯಾವ ಮಾರ್ಪಾಡೂ ಅದನ್ನು ಜೀಪನ್ನಾಗಿ ಮಾಡುವುದಿಲ್ಲ.

2. ಕಾರಿನ ಆಯ್ಕೆ

ಬಲಿಷ್ಠ ಎಂಜಿನ್ನಿನ ಸಣ್ಣ ಕಾರುಗಳಲ್ಲಿ 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ, 2015ರ ಅಬಾರ್ಥ್ ಪುಂಟೊ, 2017ರ ಮಾರುತಿ ಬಲೆನೊ ಆರ್‌ಎಸ್ ಮೊದಲಾದವು ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಕಾಣಸಿಗುತ್ತವೆ. ಇವುಗಳನ್ನು ಹೋಲಿಸುವಾಗ ಅಶ್ವಶಕ್ತಿಗಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು.

ಒಂದು, ಬಿಡಿಭಾಗ ಎಲ್ಲಿ ದೊರೆಯುತ್ತದೆ? ಷೆವ್ರೊಲೆ ಕಾರುಗಳ ಮಾರಾಟ 2017ರ ಕೊನೆಯಲ್ಲಿ ಭಾರತದಲ್ಲಿ ನಿಂತಿತು. ಫೋರ್ಡ್ ಕಂಪನಿ ಇಲ್ಲಿನ ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿತು. ಫಿಯಟ್ ಕಾರುಗಳೂ ಮಾರುಕಟ್ಟೆಯಿಂದ ಮರೆಯಾದವು. ಇಂಥ ಕಾರುಗಳು ಅಗ್ಗವಾಗಿ ದೊರೆಯಲು ಇದೂ ಒಂದು ಕಾರಣ. ಸಾಮಾನ್ಯ ಭಾಗಗಳು ಸಿಕ್ಕರೂ ಟರ್ಬೊ, ಇಂಧನ ಪಂಪ್, ಎಲೆಕ್ಟ್ರಾನಿಕ್ ಘಟಕಗಳಿಗೆ ವಾರಗಟ್ಟಲೆ ಕಾಯಬೇಕಾದರೆ ಆ ವಾರಗಳ ವ್ಯಾಪಾರದ ನಷ್ಟವನ್ನೂ ಬೆಲೆಗೆ ಸೇರಿಸಬೇಕು.

ಎರಡು, ಗೇರ್‌ಬಾಕ್ಸ್ ಯಾವುದು? ಒಣ ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್ ಹೆದ್ದಾರಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಕೆಸರಿನಲ್ಲಿ ಅಥವಾ ಸಂತೆಯ ದಟ್ಟಣೆಯಲ್ಲಿ ತೆವಳುವಾಗ ಕ್ಲಚ್ ಪದೇ ಪದೇ ಜಾರಿ ಬಿಸಿಯಾಗುತ್ತದೆ. ಹಳ್ಳಿಯ ಬಳಕೆಗೆ ಕೈಗೇರೇ ಸುರಕ್ಷಿತ. ಅದನ್ನು ದುರಸ್ತಿ ಮಾಡಬಲ್ಲ ಮಿಸ್ತ್ರಿಗಳೂ ಹತ್ತಿರದಲ್ಲಿ ಸಿಗುತ್ತಾರೆ.

ಮೂರು, ಇಂಧನ ಯಾವುದು? ದೇಶದಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ಸಾಮಾನ್ಯವಾಗಿದೆ. 2023ಕ್ಕಿಂತ ಹಿಂದಿನ ಅನೇಕ ಕಾರುಗಳ ರಬ್ಬರ್ ಕೊಳವೆ ಮತ್ತು ಸೀಲುಗಳು ಈ ಮಿಶ್ರಣವನ್ನು ಉದ್ದೇಶಿಸಿ ತಯಾರಾದವಲ್ಲ. ಕಾರಿನ ಕೈಪಿಡಿ ಈ ಬಗ್ಗೆ ಏನು ಹೇಳುತ್ತದೆಂದು ನೋಡಿಯೇ ಮುಂದುವರಿಯಬೇಕು.

3. ಪರೀಕ್ಷೆಯ ಕ್ರಮ

ಕಾರನ್ನು ತಣ್ಣಗಿರುವಾಗಲೇ ನೋಡಬೇಕು. ಮಾರುವವನು ಮೊದಲೇ ಚಾಲೂ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವುದು ಲೇಸು. ತಣ್ಣನೆಯ ಎಂಜಿನ್ ಚಾಲೂ ಆದಾಗ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಕೂಲೆಂಟ್ ಡಬ್ಬಿಯಲ್ಲಿ ಎಣ್ಣೆಯ ಜಿಡ್ಡು ಕಂಡರೆ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಮೇಲಿನ ಗೇರಿನಲ್ಲಿ ಒಮ್ಮೆಲೇ ವೇಗ ಹೆಚ್ಚಿಸಿದಾಗ ಎಂಜಿನ್ ಸದ್ದು ಏರಿ ಗಾಡಿ ಮುಂದೆ ಸಾಗದಿದ್ದರೆ ಕ್ಲಚ್ ಮುಗಿದಿದೆ.

ನಂತರ ಕಾರನ್ನು ಎತ್ತುಯಂತ್ರದ ಮೇಲೇರಿಸಿ ತಳವನ್ನು ನೋಡಬೇಕು. ಸಂಪ್ ಮತ್ತು ಮುಂದಿನ ಕ್ರಾಸ್ ಮೆಂಬರ್ ಮೇಲಿನ ಗೀರು, ಬಾಗಿದ ಸಸ್ಪೆನ್ಷನ್ ತೋಳು, ಹರಿದ ಡ್ರೈವ್ ಶಾಫ್ಟ್ ಬೂಟ್, ಹೊಸದಾಗಿ ಬಳಿದ ಕಪ್ಪು ಬಣ್ಣ ಇವು ಕಾರಿನ ನಿಜವಾದ ಇತಿಹಾಸವನ್ನು ಹೇಳುತ್ತವೆ.

ಪ್ರವಾಹಕ್ಕೆ ಸಿಲುಕಿದ ಕಾರನ್ನು ಗುರುತಿಸುವುದು ನಮ್ಮ ಭಾಗದಲ್ಲಿ ಬಹು ಮುಖ್ಯ. 2019ರಲ್ಲಿ ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳೂ ಜಲಾವೃತವಾಗಿದ್ದವು. ತೊಳೆದು ಹೊಳಪಿಸಿದ ಕಾರಿನಲ್ಲಿಯೂ ನೆಲಹಾಸಿನ ಕೆಳಗೆ ನುಣ್ಣನೆಯ ಹೂಳು, ಸೀಟಿನ ಹಳಿಗಳಲ್ಲಿ ತುಕ್ಕು, ವೈರಿನ ಜೋಡಣೆಗಳಲ್ಲಿ ಹಸಿರು ಕಿಲುಬು ಉಳಿದಿರುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ಕೊನೆಯ ಭಾಗದಲ್ಲಿ ಕೆಸರಿನ ಕಲೆ ಇದೆಯೇ ಎಂದು ನೋಡುವುದು ಸುಲಭ ಪರೀಕ್ಷೆ.

4. ದಾಖಲೆಗಳು

ನೋಂದಣಿ ಪತ್ರದಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲಿನ ಸಂಖ್ಯೆಗಳೊಡನೆ ಹೋಲಿಸಬೇಕು. ಸಾಲದ ಅಡಮಾನ, ತೆರಿಗೆ, ವಿಮೆ, ಬಾಕಿ ದಂಡಗಳ ವಿವರವನ್ನು ಪರಿವಾಹನ್ ವ್ಯವಸ್ಥೆಯಲ್ಲಿ ನೋಡಬಹುದು. ಅಡಮಾನವಿದ್ದರೆ ಸಾಲ ಕೊಟ್ಟ ಸಂಸ್ಥೆಯ ಸಹಿಯುಳ್ಳ ನಮೂನೆ 35 ಬೇಕು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30 ಅಗತ್ಯ. ಹೊರಜಿಲ್ಲೆ ಅಥವಾ ಹೊರರಾಜ್ಯದ ಕಾರನ್ನು ಗದಗ ಕಚೇರಿಯ ಕೆಎ 26 ವ್ಯಾಪ್ತಿಗೆ ತರುವಾಗ ಆಕ್ಷೇಪಣಾರಹಿತ ಪತ್ರದ ಪ್ರಶ್ನೆಯನ್ನು ಮುಂಗಡ ಕೊಡುವ ಮೊದಲೇ ಬಗೆಹರಿಸಿಕೊಳ್ಳಬೇಕು. ಹೊರರಾಜ್ಯದ ಕಾರು ಎಷ್ಟೇ ಅಗ್ಗವಾಗಿ ಕಂಡರೂ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಕೂಡಿಸಿದ ಮೇಲೆಯೇ ಅದರ ನಿಜವಾದ ಬೆಲೆ ತಿಳಿಯುತ್ತದೆ.

15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿದೆ ಎಂಬುದನ್ನೂ ಗಮನಿಸಬೇಕು. ಹಳೆಯ ಕಾರುಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದ ಅಧಿಕಾರಪತ್ರ ಪಡೆದಿರಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವ್ಯಾಪಾರಿಯಿಂದ ಕೊಳ್ಳುವವರು ಅದನ್ನು ತೋರಿಸುವಂತೆ ಕೇಳಬಹುದು.

ತಮ್ಮ ಹಳೆಯ ಕಾರನ್ನು ಮಾರುವ ಸದಸ್ಯರಿಗೂ ಇಲ್ಲೊಂದು ಎಚ್ಚರಿಕೆ ಇದೆ. ಕಾರನ್ನು ಮಾರಿ ಒಪ್ಪಿಸಿದ್ದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆಯಾಗುತ್ತಾರೆಂದು ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ ತೀರ್ಪಿತ್ತಿದೆ. ಸಹಿ ಮಾಡಿದ ಖಾಲಿ ನಮೂನೆ ಕೊಟ್ಟು ಕೈತೊಳೆದುಕೊಳ್ಳುವ ರೂಢಿ ಎಷ್ಟು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟ. ಕೊಂಡವರು 14 ದಿನಗಳೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಮಾರಿದವನ ನೋ ಕ್ಲೇಮ್ ಬೋನಸ್ ಕೊಂಡವನಿಗೆ ಬರುವುದಿಲ್ಲ.

5. ಮಾರ್ಪಾಡು: ಯುಕ್ತವಾದುದು, ಅಯುಕ್ತವಾದುದು

ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ನಡೆಯುವ ರ‍್ಯಾಲಿಯ ಕಾರುಗಳನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಅವು ನೆಲಕ್ಕೆ ತಗುಲುವಂತೆ ತಗ್ಗಿಸಿದ ಕಾರುಗಳಲ್ಲ. ಎತ್ತರದ ಸಸ್ಪೆನ್ಷನ್, ಸಣ್ಣ ರಿಮ್ಮಿನ ಮೇಲೆ ದಪ್ಪ ಪಕ್ಕೆಯ ಟೈರು, ಎಂಜಿನ್ ಕೆಳಗೆ ಗಟ್ಟಿ ತಗಡು ಇವೇ ಕಚ್ಚಾ ರಸ್ತೆಯ ವೇಗಕ್ಕೆ ಆಧಾರ. ಸ್ಪರ್ಧೆಯ ಕಾರಿನ ನಿಯಮ ಬೇರೆ, ಸಾರ್ವಜನಿಕ ರಸ್ತೆಯ ನಿಯಮ ಬೇರೆ. ಆದರೂ ಅದರ ಹಿಂದಿರುವ ತತ್ತ್ವ ನಮಗೂ ಪಾಠ.

ಟೈರಿನ ಲೆಕ್ಕವನ್ನು ನೋಡೋಣ. 185/60 ಆರ್ 15 ಅಳತೆಯ ಟೈರಿನ ಪಕ್ಕೆಯ ಎತ್ತರ 111 ಮಿ.ಮೀ., ಒಟ್ಟು ವ್ಯಾಸ 603 ಮಿ.ಮೀ. ಇದರ ಬದಲು 195/60 ಆರ್ 15 ಹಾಕಿದರೆ ಪಕ್ಕೆ 117 ಮಿ.ಮೀ., ವ್ಯಾಸ 615 ಮಿ.ಮೀ. ಆಗುತ್ತದೆ. ಕಾರು 6 ಮಿ.ಮೀ. ಮೇಲೇರುತ್ತದೆ, ವೇಗಮಾಪಕ 100 ತೋರುವಾಗ ನಿಜವಾದ ವೇಗ ಮೊದಲಿಗಿಂತ ಸುಮಾರು ಶೇಕಡಾ 2ರಷ್ಟು ಹೆಚ್ಚಿರುತ್ತದೆ. ಅಂದಕ್ಕಾಗಿ 215/45 ಆರ್ 16 ಹಾಕಿದರೆ ವ್ಯಾಸ ಸುಮಾರು 600 ಮಿ.ಮೀ. ಇದ್ದರೂ ಪಕ್ಕೆ 97 ಮಿ.ಮೀ.ಗೆ ಇಳಿಯುತ್ತದೆ. ತಗ್ಗಿಗೆ ಬಿದ್ದಾಗ ಪೆಟ್ಟು ರಬ್ಬರನ್ನು ದಾಟಿ ಅಲಾಯ್ ರಿಮ್ಮಿಗೆ ತಗಲುತ್ತದೆ. ಆದುದರಿಂದ ಹಳ್ಳಿಯ ರಸ್ತೆಗೆ ಕಾರು ತಯಾರಕರು ಅದೇ ಮಾದರಿಗೆ ಸೂಚಿಸಿದ ಅಳತೆಗಳಲ್ಲಿ ಸಣ್ಣ ರಿಮ್, ದಪ್ಪ ಪಕ್ಕೆ ಇರುವುದನ್ನು ಆರಿಸುವುದು ಯುಕ್ತ.

ಸಂಪ್ ಗಾರ್ಡ್ ಎರಡನೆಯದು. 80 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ 3 ಮಿ.ಮೀ. ಉಕ್ಕಿನ ತಗಡು ಸುಮಾರು 11 ಕಿಲೋ ತೂಗುತ್ತದೆ; ಅದೇ ಅಳತೆಯ 4 ಮಿ.ಮೀ. ಅಲ್ಯೂಮಿನಿಯಂ ತಗಡು ಸುಮಾರು 5 ಕಿಲೋ. ಇದನ್ನು ಕಾರಿನಲ್ಲಿ ಮೊದಲೇ ಇರುವ ಬೋಲ್ಟ್ ಸ್ಥಾನಗಳಿಗೆ ಬಿಗಿಯಬೇಕು, ಚಾಸಿಸ್ಸಿಗೆ ಬೆಸುಗೆ ಹಾಕಬಾರದು. ಕೆಸರು ಇಳಿದುಹೋಗಲು ಮತ್ತು ಗಾಳಿಯಾಡಲು ರಂಧ್ರಗಳಿರಬೇಕು. ಇಲ್ಲವಾದರೆ ಒಳಗೆ ಕೂತ ಎರೆ ಮಣ್ಣು ಒಣಗಿ ಕಲ್ಲಾಗಿ ಎಂಜಿನ್ನಿನ ಶಾಖವನ್ನು ತಡೆಯುತ್ತದೆ.

ಮೂರನೆಯದಾಗಿ, ಸವೆದ ಶಾಕ್ ಅಬ್ಸಾರ್ಬರ್, ಬುಷ್ ಮತ್ತು ಕುಸಿದ ಸ್ಪ್ರಿಂಗ್‌ಗಳನ್ನು ಕಂಪನಿಯ ಹೊಸ ಭಾಗಗಳಿಂದ ಬದಲಿಸಿದರೆ ಕುಸಿದಿದ್ದ ಕಾರಿನ ನಿಲುವು ಎಷ್ಟೋ ಮಟ್ಟಿಗೆ ಸರಿಹೋಗುತ್ತದೆ. ಸ್ಪ್ರಿಂಗ್ ಕೆಳಗೆ ರಬ್ಬರ್ ಇಲ್ಲವೇ ಲೋಹದ ತುಂಡು ಇಟ್ಟು ಎತ್ತರಿಸುವುದು ಅಗ್ಗದ ಉಪಾಯವೆನಿಸಿದರೂ, ಡ್ರೈವ್ ಶಾಫ್ಟಿನ ಕೋನ ಬದಲಾಗಿ ಜಾಯಿಂಟುಗಳು ಬೇಗ ಸವೆಯುತ್ತವೆ. ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ.

ವರ್ಜಿಸಬೇಕಾದವು ಇವು: ತೆರೆದ ಬಾಯಿಯ ಏರ್ ಫಿಲ್ಟರ್ ನಮ್ಮ ಧೂಳನ್ನು ತಡೆಯದೆ ಟರ್ಬೊ ಮತ್ತು ಸಿಲಿಂಡರನ್ನು ಸವೆಸುತ್ತದೆ. ಗಾಳಿ ಹೀರುವ ಕೊಳವೆಯನ್ನು ಬಂಪರ್ ಹಿಂದೆ ತಗ್ಗಿನಲ್ಲಿ ಇಟ್ಟರೆ ಹಳ್ಳ ದಾಟುವಾಗ ಎಂಜಿನ್ ನೀರನ್ನೇ ಹೀರಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಹೆಚ್ಚಿಸಿದರೆ ಆ ಹೆಚ್ಚಿನ ಭಾರವನ್ನು ಹೊರುವುದು ಮೊದಲೇ ಲಕ್ಷ ಕಿಲೋಮೀಟರು ದುಡಿದ ಕ್ಲಚ್ ಮತ್ತು ಗೇರ್‌ಬಾಕ್ಸ್. ಹಣ ಮಿಕ್ಕಿದ್ದರೆ ಅದನ್ನು ಬ್ರೇಕು, ದೀಪ ಮತ್ತು ಟೈರುಗಳಿಗೆ ವಿನಿಯೋಗಿಸುವುದೇ ಮೇಲು. ರಾತ್ರಿ ದೀಪವಿಲ್ಲದೆ ಬರುವ ಟ್ರ್ಯಾಕ್ಟರ್ ಟ್ರೇಲರಿನ ಎದುರು ಕಾಪಾಡುವುದು ಇವೇ.

6. ಕಾನೂನಿನ ಮಿತಿ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸುತ್ತದೆ. ಮುಂಭಾಗದ ಕಬ್ಬಿಣದ ಬುಲ್ ಬಾರ್ ನಿಯಮಬಾಹಿರವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿದೆ. ಅದು ಡಿಕ್ಕಿಯ ಪೆಟ್ಟನ್ನು ನೇರವಾಗಿ ಚಾಸಿಸ್ಸಿಗೆ ಸಾಗಿಸುತ್ತದೆ, ಪಾದಚಾರಿಗೂ ಮಾರಕ. ಎಂಜಿನ್, ಇಂಧನ, ಬಣ್ಣ ಇವುಗಳ ಬದಲಾವಣೆಗೆ ಮುಂಚಿತವಾಗಿ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಮಾಡಿದ ಮಾರ್ಪಾಡನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸದಿದ್ದರೆ ನಷ್ಟದ ಹೊತ್ತಿನಲ್ಲಿ ಪರಿಹಾರಕ್ಕೆ ತಕರಾರು ಬರುವ ಸಂಭವವುಂಟು.

ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗಳೂ ಇದನ್ನು ಮನಗಾಣಬೇಕು. ಸರಕಾರ ಅಧಿಸೂಚಿಸಿದ ನಿರ್ಣಾಯಕ ಸುರಕ್ಷತಾ ಭಾಗಗಳನ್ನು ನಿಯಮಕ್ಕೆ ವಿರುದ್ಧವಾಗಿ ಮಾರಿದರೆ ಅದೇ ಕಲಮಿನಡಿ ಪ್ರತಿ ಭಾಗಕ್ಕೆ ಒಂದು ಲಕ್ಷ ರೂ.ವರೆಗೆ ದಂಡ ಅಥವಾ ಒಂದು ವರ್ಷದವರೆಗಿನ ಸೆರೆವಾಸ ಸಾಧ್ಯ.

7. ಲೆಕ್ಕಪತ್ರ

ಉದಾಹರಣೆಗೆ ಒಟ್ಟು 5,00,000 ರೂ. ಕೈಯಲ್ಲಿದೆ ಎನ್ನೋಣ. ಅದರಲ್ಲಿ 3,75,000 ರೂ.ಗಿಂತ ಹೆಚ್ಚನ್ನು ಖರೀದಿಗೆ ಹಾಕಬಾರದು. ಉಳಿದ 1,25,000 ರೂ. ಟೈರು, ಶಾಕ್ ಅಬ್ಸಾರ್ಬರ್, ಟೈಮಿಂಗ್ ಬೆಲ್ಟ್, ಕ್ಲಚ್, ವಿಮೆ ಮತ್ತು ವರ್ಗಾವಣೆಗೆ ಮೀಸಲು. ಕಾರಿನ ಬೆಲೆ ಇಳಿದಿದ್ದರೂ ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ.

ಕಾರನ್ನು ಅಂಗಡಿಯ ಹೆಸರಿನಲ್ಲಿ ಕೊಂಡರೆ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಎರಡು ಲಕ್ಷ ರೂ. ಅಥವಾ ಹೆಚ್ಚಿನ ನಗದನ್ನು ಸ್ವೀಕರಿಸುವುದು 2017ರಿಂದ ನಿಷಿದ್ಧ. ವ್ಯಾಪಾರಕ್ಕೆ ಬಳಸುವ ಕಾರಿನ ಮೇಲೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಶೇಕಡಾ 15ರಂತೆ ಸವಕಳಿ ದೊರೆಯುತ್ತದೆ. ಸ್ವಂತ ಬಳಕೆಯ ಪಾಲನ್ನು ಬಿಡಬೇಕು. ಜಿಎಸ್‌ಟಿಯಲ್ಲಿ ಇಂಥ ಕಾರಿನ ಖರೀದಿ, ದುರಸ್ತಿ, ವಿಮೆಗಳ ಮೇಲಿನ ಹೂಡುವಳಿ ತೆರಿಗೆ ಜಮೆ ಸಾಮಾನ್ಯ ವರ್ತಕನಿಗೆ ಸಿಗುವುದಿಲ್ಲ. ನೋಂದಾಯಿತ ವರ್ತಕನು ಮುಂದೆ ಅದನ್ನು ಮಾರಿದಾಗ, 2025ರ ಜನವರಿಯ ಬದಲಾವಣೆಯಂತೆ, ಲಾಭಾಂತರದ ಮೇಲೆ ಶೇಕಡಾ 18 ತೆರಿಗೆ. ಸವಕಳಿ ಕಳೆದ ಪುಸ್ತಕ ಮೌಲ್ಯ 3,00,000 ರೂ. ಇದ್ದು ಮಾರಾಟ ಬೆಲೆ 3,50,000 ರೂ. ಆದರೆ ಲಾಭಾಂತರ 50,000 ರೂ., ತೆರಿಗೆ 9,000 ರೂ. ಪುಸ್ತಕ ಮೌಲ್ಯಕ್ಕಿಂತ ಕಡಿಮೆ ಬೆಲೆಗೆ ಮಾರಿದರೆ ತೆರಿಗೆಯಿಲ್ಲ.

ಒಟ್ಟಿನಲ್ಲಿ, ಹೆಚ್ಚಾಗಿ ಹೆದ್ದಾರಿಯಲ್ಲಿ ಓಡಾಡುವ, ಬಿಡಿಭಾಗ ಸುಲಭವಾಗಿ ಸಿಗುವ ಮಾದರಿಯನ್ನು ಆರಿಸುವ, ಮಾರ್ಪಾಡನ್ನು ಟೈರು, ತಳದ ರಕ್ಷಣೆ ಮತ್ತು ದುರಸ್ತಿಗೆ ಸೀಮಿತಗೊಳಿಸುವ ವರ್ತಕನಿಗೆ ಹಳೆಯ ಶಕ್ತಿಯುತ ಕಾರು ಲಾಭದಾಯಕವಾಗಬಲ್ಲದು. ಉಳಿದವರು ಎತ್ತರದ, ಸಾದಾ ಎಂಜಿನ್ನಿನ ವಾಹನವನ್ನೇ ಆಯ್ದುಕೊಳ್ಳುವುದು ಕ್ಷೇಮ. ಮುಂಗಡ ಕೊಡುವ ಮೊದಲು ನಂಬಿಕೆಯ ಮಿಸ್ತ್ರಿ, ವಿಮಾ ಪ್ರತಿನಿಧಿ ಮತ್ತು ಲೆಕ್ಕ ಪರಿಶೋಧಕ ಈ ಮೂವರಿಗೂ ಕಾಗದಪತ್ರಗಳನ್ನು ತೋರಿಸಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.