ಕಿವಿ ಮಡಿಚಿದ ಬೆಕ್ಕು ಕೊಳ್ಳುವ ಮುನ್ನ

ಸ್ಕಾಟಿಷ್ ಫೋಲ್ಡ್ ಬೆಕ್ಕಿನ ದುಂಡು ಮುಖಕ್ಕೆ ಮರುಳಾಗದವರು ಕಡಿಮೆ. ಸ್ವಭಾವವೂ ಸೌಮ್ಯ. ಆದರೆ ಮುಂಗಡ ಕೊಡುವ ಮೊದಲು ಆ ಕಿವಿ ಯಾಕೆ ಮಡಿಚಿದೆ ಎಂದು ವಿಚಾರಿಸಿ. 1961ರಲ್ಲಿ ಸ್ಕಾಟ್ಲೆಂಡಿನ ತೋಟವೊಂದರಲ್ಲಿ ಕಣ್ಣಿಗೆ ಬಿದ್ದ ಸೂಸಿ ಎಂಬ ಬಿಳಿ ಬೆಕ್ಕು ಈ ತಳಿಯ ಮೂಲ. ಅದರ ಸಂತತಿಗೆ ಬಂದ ವಂಶವಾಹಿ ದೋಷ ಮೃದ್ವಸ್ಥಿಯನ್ನೇ ಕೆಡಿಸುತ್ತದೆ. ಕಿವಿಯದ್ದಷ್ಟೇ ಅಲ್ಲ, ಕಾಲು ಬಾಲಗಳ ಕೀಲಿನದ್ದೂ. ಕೆಲವಕ್ಕೆ ಎಳೆತನದಲ್ಲೇ ಸಂಧಿನೋವು ಶುರು. ಬೆಕ್ಕೋ, ನೋವು ತೋರಿಸಿಕೊಳ್ಳದ ಜೀವಿ. ಜಿಗಿಯದೆ ಮೂಲೆ ಹಿಡಿದರೆ ‘ಎಷ್ಟು ಸಾಧು!’ ಎಂದು ನಾವು ಮೆಚ್ಚುತ್ತೇವೆ. ಬ್ರಿಟನ್ನಿನ ಪ್ರಮುಖ ಬೆಕ್ಕು ನೋಂದಣಿ ಸಂಸ್ಥೆ 1970ರ ದಶಕದಲ್ಲೇ ಈ ತಳಿಯನ್ನು ಕೈಬಿಟ್ಟಿತು.

ನೆಟ್ಟಗಿವಿಯ ಬೆಕ್ಕಿನೊಂದಿಗೆ ಕೂಡಿಸಿದ್ದೇವೆ, ಭಯವಿಲ್ಲ ಎಂದು ಮಾರುವವರು ಹೇಳಿಯಾರು. ನಂಬಬೇಡಿ; ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ದೋಷ ಸಾಕು. ನನ್ನನ್ನು ಕೇಳಿದರೆ, ಬೇಡ. ಅದೇ ಸೂಲಿನ ನೆಟ್ಟಗಿವಿಯ ಮರಿಗೆ ಈ ಕಾಟವಿಲ್ಲ, ಮುದ್ದಿಗೂ ಕೊರತೆಯಿಲ್ಲ. ಈಗಾಗಲೇ ಮನೆಯಲ್ಲಿದ್ದರೆ ಗಾಬರಿ ಬೇಡ: ತೂಕ ಏರದಂತೆ ನೋಡಿ, ಮಲದ ತಟ್ಟೆಯ ಅಂಚು ತಗ್ಗಾಗಿರಲಿ, ಬಾಲ ಬಿರುಸಾದರೆ ಪಶುವೈದ್ಯರಲ್ಲಿ ಎಕ್ಸ್‌ರೇ ಮಾಡಿಸಿ.