ನಗದೋ, ಯುಪಿಐಯೋ? ಲೆಕ್ಕ ಒಂದೇ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಅನೇಕ ಬೇಕರಿ, ಟೀ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದವು. ಯುಪಿಐ ಜಮೆಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದ್ದೇ ಇದಕ್ಕೆ ಕಾರಣ. ನಮ್ಮಲ್ಲಿ ಹಲವರ ಮನೆ ನಡೆಯುವುದು ಇಂಥ ಅಂಗಡಿಗಳಿಂದಲೇ. ಆದ್ದರಿಂದ ವಾಣಿಜ್ಯ ವಿದ್ಯಾರ್ಥಿಯಾದ ನಾನು ಲೆಕ್ಕ ಹಾಕಿ ನೋಡಿದೆ.

ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆಗೆ ಈ ಮಿತಿ 20 ಲಕ್ಷ. 40 ಲಕ್ಷವನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 10,960 ರೂ. ಇದು ಲಾಭವಲ್ಲ, ಒಟ್ಟು ಮಾರಾಟ. ಹೆಬ್ಬಾಳದಂಥ ಜನನಿಬಿಡ ಜಾಗದಲ್ಲಿ ಸಾಧಾರಣ ಅಂಗಡಿಯೂ ಇದನ್ನು ಮುಟ್ಟಬಹುದು. ನಗದು ಮಾರಾಟವೂ ಇದರಲ್ಲಿ ಸೇರುವುದರಿಂದ ಕ್ಯೂಆರ್ ಕೋಡ್ ತೆಗೆದರೆ ಹೊಣೆ ತಪ್ಪುವುದಿಲ್ಲ. ತಾಜಾ ತರಕಾರಿಯಂಥ ತೆರಿಗೆ ವಿನಾಯಿತಿಯ ವಸ್ತುಗಳನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಡ.

ನೆಟ್‌ವರ್ಕ್ ಇಲ್ಲದಾಗ, ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ನಗದೇ ಆಸರೆ. ಯುಪಿಐಯಲ್ಲಿ ಚಿಲ್ಲರೆಯ ತಾಪತ್ರಯವಿಲ್ಲ, ದಾಖಲೆಯೂ ಉಳಿಯುತ್ತದೆ. ಆದರೆ ನೆಂಟರು ಕೊಟ್ಟ ಕೈಸಾಲವೂ ವ್ಯಾಪಾರದ ಹಣವೂ ಒಂದೇ ಖಾತೆಗೆ ಬಿದ್ದರೆ, ಯಾವುದು ಮಾರಾಟ ಎಂದು ತೋರಿಸುವುದು ಕಷ್ಟ.

ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಪವಿತ್ರ ಕುರ್‌ಆನ್‌ನ ಅಲ್ ಬಕರಾ ಅಧ್ಯಾಯದ 282ನೇ ಆಯತ್ ಆದೇಶಿಸುತ್ತದೆ. ಅಂಗಡಿಗೂ ಈ ಶಿಸ್ತು ಒಳ್ಳೆಯದು. ವ್ಯಾಪಾರಕ್ಕೆ ಬೇರೆ ಖಾತೆ ತೆರೆಯೋಣ. ದಿನದ ನಗದು, ಯುಪಿಐ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯೋಣ. ಮನೆಯವರಿಗೆ ಸಮಯವಿಲ್ಲದಿದ್ದರೆ, ಸಂಜೆ ಹತ್ತು ನಿಮಿಷ ಆ ಕೆಲಸ ನಾವೇ ಮಾಡಬಹುದು.