ನಲವತ್ಮೂರರಲ್ಲಿ ಸೇನೆ ಬಿಟ್ಟು ಬಂದವರಿಗೆ ಮುಂದೇನು?

ಪ್ರಶ್ನೆ: ನಮ್ಮ ಮನೆಯವರು ಭೂಸೇನೆಯಲ್ಲಿ ಹವಾಲ್ದಾರ್. 19ನೇ ವಯಸ್ಸಿಗೆ ಸೇರಿದವರು. ಮುಂದಿನ ವರ್ಷ 24 ವರ್ಷದ ಸೇವೆ ಮುಗಿಯುತ್ತದೆ, ಎಕ್ಸ್‌ಟೆನ್ಶನ್ ಬೇಡ ಎಂದಿದ್ದಾರೆ. ಆಗ ಅವರಿಗೆ 43. ಓದಿದ್ದು ಪಿಯುಸಿ, ಸೇನೆಯಲ್ಲಿ ಸ್ಟೋರ್ ಕೀಪರ್. ಮಕ್ಕಳಿಬ್ಬರ ಓದು ಇನ್ನೂ ಇದೆ. ಈ ವಯಸ್ಸಿನಲ್ಲಿ ಹೊಸದಾಗಿ ಯಾರು ಕೆಲಸ ಕೊಡುತ್ತಾರೆ? ಸರ್ಕಾರಿ ನೌಕರಿ ಹಿಡಿದರೆ ಪೆನ್ಷನ್ ನಿಲ್ಲುತ್ತದೆ ಎಂದು ಊರಲ್ಲಿ ಹೇಳುತ್ತಾರೆ, ನಿಜವೇ? ನಮ್ಮ ಮಾವನವರು ‘ಬಂದ ರೊಕ್ಕದಾಗ ಹೊಲ ತಗೊಂಡು ಒಕ್ಕಲುತನ ಮಾಡಲಿ’ ಎನ್ನುತ್ತಾರೆ. ಏನು ಮಾಡುವುದು?
— ಓದುಗರೊಬ್ಬರು, ಸವದತ್ತಿ ತಾಲ್ಲೂಕು

ಉತ್ತರ: ಇದನ್ನು ನೀವು ಒಂದು ವರ್ಷ ಮುಂಚಿತವಾಗಿ ಕೇಳಿದ್ದು ಬಹಳ ಒಳ್ಳೆಯದಾಯಿತು. ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಟ್ರಂಕು ಮನೆಗೆ ಬಂದಿಳಿದ ಮೇಲೆ. ಅಷ್ಟು ಹೊತ್ತಿಗೆ ಯೂನಿಟ್ಟಿನಲ್ಲಿ ಒಂದು ಅರ್ಜಿಯಿಂದ ಮುಗಿಯುತ್ತಿದ್ದ ಕೆಲಸಕ್ಕೆ ರೆಕಾರ್ಡ್ ಆಫೀಸಿಗೆ ತಿಂಗಳುಗಟ್ಟಲೆ ಪತ್ರ ಬರೆಯುತ್ತಾ ಕೂರಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ: ವಯಸ್ಸು, ಪಿಂಚಣಿ, ಕೈಗೆ ಬರುವ ದುಡ್ಡು. ಮೊದಲು ವಯಸ್ಸನ್ನೇ ನೋಡೋಣ, ಏಕೆಂದರೆ ಅಲ್ಲಿ ನೀವು ಅಂದುಕೊಂಡಷ್ಟು ಕಷ್ಟವಿಲ್ಲ.

ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಅರ್ಜಿ ಹಾಕುವ ಮಾಜಿ ಸೈನಿಕರ ವಯಸ್ಸನ್ನು ಬೇರೆ ರೀತಿ ಲೆಕ್ಕ ಹಾಕುತ್ತಾರೆ. ನಿಜವಾದ ವಯಸ್ಸಿನಿಂದ ಸೇನೆಯಲ್ಲಿ ಸಲ್ಲಿಸಿದ ಸೇವೆಯ ಅಷ್ಟೂ ವರ್ಷಗಳನ್ನು ಕಳೆಯುತ್ತಾರೆ, ಅದರ ಮೇಲೆ ಇನ್ನೂ 3 ವರ್ಷ ಕಳೆಯುತ್ತಾರೆ. ನಿಮ್ಮ ಮನೆಯವರ ಲೆಕ್ಕ ಹೀಗಾಗುತ್ತದೆ: 43ರಲ್ಲಿ 24 ಹೋದರೆ 19, ಅದರಲ್ಲಿ 3 ಹೋದರೆ 16. ಹುದ್ದೆಯ ಗರಿಷ್ಠ ವಯೋಮಿತಿ 27 ಎಂದಿದ್ದರೂ ಅವರು ಅದರ ಒಳಗೇ ಇದ್ದಾರೆ. ಇಲ್ಲಿ ಕೆಲವರಿಗೆ ಇನ್ನೊಂದು ಅನುಮಾನ ಬರುತ್ತದೆ. 16 ಎಂದರೆ 18 ತುಂಬಿಲ್ಲ ಎಂದು ತಿರಸ್ಕರಿಸಿಬಿಟ್ಟರೆ? ಹಾಗೆ ಆಗುವುದಿಲ್ಲ. ಕನಿಷ್ಠ ವಯಸ್ಸಿಗೆ ನೋಡುವುದು ನಿಜವಾದ ವಯಸ್ಸನ್ನೇ, ಈ ಕಳೆಯುವ ಲೆಕ್ಕ ಗರಿಷ್ಠ ಮಿತಿಗೆ ಮಾತ್ರ. ಕರ್ನಾಟಕ ಸರ್ಕಾರದ ನೇಮಕಾತಿಯಲ್ಲೂ ಸೇವೆಯ ವರ್ಷಗಳ ಜೊತೆಗೆ 3 ವರ್ಷದ ಸಡಿಲಿಕೆ ಇದೆ. ಬ್ಯಾಂಕ್ ಕ್ಲರ್ಕ್ ಹುದ್ದೆಗಳಿಗೂ ಇದೇ ಲೆಕ್ಕ, ಆದರೆ ಅಲ್ಲಿ 50 ವರ್ಷದ ಮೇಲ್ಮಿತಿ ಇಟ್ಟಿದ್ದಾರೆ. ಹೀಗಾಗಿ ಬ್ಯಾಂಕಿನ ಆಸೆ ಇದ್ದರೆ ಕೈಯಲ್ಲಿ ಕೆಲವೇ ವರ್ಷಗಳಿವೆ.

ಮೀಸಲಾತಿಯೂ ಇದೆ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 10%. ಸಾರ್ವಜನಿಕ ಉದ್ಯಮಗಳು ಮತ್ತು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ 14.5%, ಅದರಲ್ಲಿ 4.5% ಯುದ್ಧದಲ್ಲಿ ಅಂಗವಿಕಲರಾದವರಿಗೆ ಮತ್ತು ಮಡಿದವರ ಅವಲಂಬಿತರಿಗೆ. ಆದರೆ ಮೀಸಲಾತಿ ಎಂದರೆ ಕರೆದು ಕೊಡುವ ಕೆಲಸವೆಂದು ತಿಳಿಯಬೇಡಿ. ಪರೀಕ್ಷೆ ಬರೆಯಲೇಬೇಕು. ಇಪ್ಪತ್ತೈದು ವರ್ಷದ ಹಿಂದೆ ಬಿಟ್ಟ ಗಣಿತ, ಇಂಗ್ಲಿಷ್ ವ್ಯಾಕರಣ, ಅದರ ಮೇಲೆ ಕಂಪ್ಯೂಟರಿನಲ್ಲಿ ಗಡಿಯಾರ ನೋಡುತ್ತಾ ಉತ್ತರಿಸುವುದು, ಇವಕ್ಕೆಲ್ಲ ಈಗಿನಿಂದಲೇ ದಿನಕ್ಕೊಂದು ಗಂಟೆಯಾದರೂ ಕೂತು ಅಭ್ಯಾಸ ಮಾಡಬೇಕು. ವಯಸ್ಸಿನ ಸಡಿಲಿಕೆ ಇದ್ದೂ ಅನೇಕರು ಹಿಂದೆ ಬೀಳುವುದು ಇಲ್ಲೇ.

ಪದವಿ ಇಲ್ಲವಲ್ಲ ಎಂದು ನೀವು ಬರೆದಿಲ್ಲ, ಆದರೆ ಮುಂದೆ ಈ ಮಾತು ಬಂದೇ ಬರುತ್ತದೆ. ಹತ್ತನೇ ತರಗತಿ ಪಾಸಾಗಿ 15 ವರ್ಷ ಸೇನೆಯಲ್ಲಿ ಸೇವೆ ಸಲ್ಲಿಸಿದವರನ್ನು, ಪದವಿ ಕೇಳುವ ಗ್ರೂಪ್ ಸಿ ಹುದ್ದೆಗಳಿಗೂ ಅರ್ಹರೆಂದು ಕೇಂದ್ರದ ನಿಯಮ ಒಪ್ಪುತ್ತದೆ. ಆ ಹುದ್ದೆಗೆ ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಾಗಿರಬಾರದು ಅಷ್ಟೇ. ಇದಕ್ಕೆ ಕೊಡುವ ಪ್ರಮಾಣಪತ್ರವನ್ನು ಸೇನೆಯವರು ಗ್ರಾಜುಯೇಷನ್ ಸರ್ಟಿಫಿಕೇಟ್ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಅದು ವಿಶ್ವವಿದ್ಯಾಲಯದ ಪದವಿಯಲ್ಲ. ಅದನ್ನು ಹಿಡಿದು ಬಿ.ಎಡ್.ಗೋ ಎಂ.ಎ.ಗೋ ಸೇರಲಾಗದು. ನೌಕರಿಯ ಅರ್ಹತೆಗೆ ಮಾತ್ರ ಅದರ ಬೆಲೆ. ಪ್ರತಿ ಅಧಿಸೂಚನೆಯಲ್ಲೂ ಅದನ್ನು ಒಪ್ಪುತ್ತಾರೋ ಇಲ್ಲವೋ ಓದಿ ನೋಡಬೇಕು.

ಇನ್ನು ಪಿಂಚಣಿ. ಊರಿನವರು ಹೇಳುವುದು ತಪ್ಪು, ಆದರೆ ಆ ಮಾತು ಹುಟ್ಟಿದ್ದು ಏಕೆಂದು ಹೇಳಬಹುದು. ಸೇನೆಯ ಅಧಿಕಾರಿಗಳು ಸರ್ಕಾರಿ ಹುದ್ದೆಗೆ ಮರುನೇಮಕಗೊಂಡಾಗ ಅವರ ಪಿಂಚಣಿಯ ಒಂದು ಭಾಗವನ್ನು ಹೊಸ ಸಂಬಳ ನಿಗದಿ ಮಾಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 60 ತುಂಬಿ ನಿವೃತ್ತರಾದ ಮೇಲೆ ಗುತ್ತಿಗೆಯ ಮೇಲೆ ಮತ್ತೆ ಸೇರುವ ಸರ್ಕಾರಿ ನೌಕರರಿಗೂ ಕೊನೆಯ ಸಂಬಳದಲ್ಲಿ ಪಿಂಚಣಿ ಕಳೆದು ಕೊಡುವುದುಂಟು. ಇದನ್ನು ಕಂಡವರು ಎಲ್ಲರಿಗೂ ಹೀಗೇ ಎಂದುಕೊಂಡಿದ್ದಾರೆ. 55 ತುಂಬುವ ಮೊದಲು ನಿವೃತ್ತರಾದ, ಅಧಿಕಾರಿ ದರ್ಜೆಗಿಂತ ಕೆಳಗಿನವರ ವಿಷಯದಲ್ಲಿ ಕೇಂದ್ರದ ನಿಯಮ ಬೇರೆ: ಹೊಸ ಸಂಬಳ ನಿಗದಿ ಮಾಡುವಾಗ ಅವರ ಪಿಂಚಣಿಯನ್ನು ಪೂರ್ತಿಯಾಗಿ ಲೆಕ್ಕದಿಂದ ಹೊರಗಿಡುತ್ತಾರೆ. ನಿಮ್ಮ ಮನೆಯವರು ಹವಾಲ್ದಾರ್. ಸಂಬಳವೂ ಬರುತ್ತದೆ, ಪಿಂಚಣಿಯೂ ಬರುತ್ತದೆ. ಖಾಸಗಿ ಕೆಲಸವಾದರಂತೂ ಈ ಪ್ರಶ್ನೆಯೇ ಏಳುವುದಿಲ್ಲ. ಪಿಂಚಣಿ ನಿಜವಾಗಿ ತಡೆಹಿಡಿಯುವುದು ವರ್ಷಕ್ಕೊಮ್ಮೆ ಕೊಡಬೇಕಾದ ಲೈಫ್ ಸರ್ಟಿಫಿಕೇಟ್ ಕೊಡದಿದ್ದಾಗ. ಅದನ್ನು ನೆನಪಿಡಿ.

ಈಗ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸೂಕ್ಷ್ಮ. ಮಾಜಿ ಸೈನಿಕರ ಮೀಸಲಾತಿಯಲ್ಲಿ ಒಂದು ಕಾಯಂ ಸರ್ಕಾರಿ ಹುದ್ದೆಗೆ ಸೇರಿದರೆ ಆ ಸೌಲಭ್ಯ ಅಲ್ಲಿಗೆ ಮುಗಿಯುತ್ತದೆ. ಎರಡನೇ ಬಾರಿ ಅದೇ ಮೀಸಲಾತಿ ಕೇಳುವಂತಿಲ್ಲ. ಆದರೆ ಮೊದಲ ಹುದ್ದೆಗೆ ಸೇರುವ ಮುನ್ನವೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಯಾವ ಯಾವ ಹುದ್ದೆಗೆ ಯಾವ ದಿನಾಂಕದಂದು ಹಾಕಿದ್ದೇನೆ ಎಂದು ಸೇರಿದ ಕೂಡಲೇ ಇಲಾಖೆಗೆ ಬರೆದುಕೊಡಬೇಕು. ಆಗ ಆ ಅರ್ಜಿಗಳಿಗೆ ಸೌಲಭ್ಯ ಉಳಿಯುತ್ತದೆ. 2014ರಿಂದ ಕೇಂದ್ರದಲ್ಲಿ ಈ ಅವಕಾಶವಿದೆ. ಮೊದಲು ಸಿಕ್ಕಿದ್ದಕ್ಕೆ ಖುಷಿಯಿಂದ ಸೇರಿ, ಆರು ತಿಂಗಳಲ್ಲಿ ಹತ್ತಿರದ ಊರಿನ ಬ್ಯಾಂಕಿನ ಫಲಿತಾಂಶ ಬಂದಾಗ ಈ ಒಂದು ಹಾಳೆ ಇಲ್ಲದೆ ಪರದಾಡುವುದು ಬೇಡ. ಖಾಸಗಿ ಕೆಲಸದಿಂದ ಅಥವಾ ತಾತ್ಕಾಲಿಕ ಗುತ್ತಿಗೆಯಿಂದ ಮೀಸಲಾತಿಗೆ ಧಕ್ಕೆಯಿಲ್ಲ.

ಅರ್ಜಿ ಹಾಕಲು ನಿವೃತ್ತಿಯವರೆಗೆ ಕಾಯಬೇಕಿಲ್ಲ ಎಂಬುದೂ ತಿಳಿದಿರಲಿ. ಸೇವಾವಧಿ ಮುಗಿಯಲು ಒಂದು ವರ್ಷದೊಳಗೆ ಇರುವವರು, ಇಂಥ ದಿನ ಬಿಡುಗಡೆಯಾಗುತ್ತಾರೆ ಎಂಬ ಯೂನಿಟ್ಟಿನ ಪ್ರಮಾಣಪತ್ರ ಹಚ್ಚಿ ಅರ್ಜಿ ಹಾಕಬಹುದು. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಸೈನಿಕರ ಬಾಯಲ್ಲಿ ಡಿಜಿಆರ್, ನಿವೃತ್ತಿಗೆ ಹತ್ತಿರವಿರುವ ಜವಾನರಿಗೆ ಶುಲ್ಕವಿಲ್ಲದೆ ತರಬೇತಿ ಕೊಡಿಸುತ್ತದೆ. ಇದಕ್ಕೆ ಹೆಸರು ಕೊಡುವುದು ಯೂನಿಟ್ಟಿನ ಮೂಲಕ. ಈ ವಾರವೇ ಫೋನಿನಲ್ಲಿ ಕೇಳಿ, ಹೆಸರು ಕೊಟ್ಟಿದ್ದಾರೆಯೇ ಎಂದು.

ಖಾಸಗಿ ಕೆಲಸದ ಮಾತಿಗೆ ಬಂದರೆ, ನಿವೃತ್ತ ಸೈನಿಕ ಎಂದ ತಕ್ಷಣ ಎಲ್ಲರೂ ತೋರಿಸುವುದು ಸೆಕ್ಯುರಿಟಿ ಗಾರ್ಡ್ ಕೆಲಸ. ಅದು ಗೌರವದ ಕೆಲಸವೇ, ಬೇಗ ಸಿಗುತ್ತದೆ ಕೂಡ. ಆದರೆ 24 ವರ್ಷ ಸ್ಟೋರ್ ನೋಡಿಕೊಂಡವರು ಮೊದಲೇ ಅದಕ್ಕೆ ಒಪ್ಪಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಅವರ ಕೈಯಲ್ಲಿ ಇರುವ ವಿದ್ಯೆ ಯಾವುದೆಂದು ನೋಡಿ. ಇಂಡೆಂಟ್ ಬರೆದು ಸಾಮಾನು ತರಿಸುವುದು, ಬಂದದ್ದನ್ನು ಎಣಿಸಿ ಲೆಡ್ಜರಿಗೆ ಹತ್ತಿಸುವುದು, ಕೊಟ್ಟದ್ದಕ್ಕೆ ಸಹಿ ಪಡೆಯುವುದು, ವರ್ಷಕ್ಕೊಮ್ಮೆ ತಪಾಸಣೆಗೆ ಬಂದವರ ಎದುರು ಒಂದು ಬೋಲ್ಟೂ ಕಡಿಮೆಯಾಗದಂತೆ ಲೆಕ್ಕ ಒಪ್ಪಿಸುವುದು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೂ, ಬೆಂಗಳೂರಿನ ಹೊರಗೆ ನೆಲಮಂಗಲ, ಹೊಸಕೋಟೆಯ ದೊಡ್ಡ ಗೋದಾಮುಗಳಿಗೂ ಬೇಕಾಗಿರುವುದು ಇದೇ ಕೆಲಸ. ಆದರೆ ಬಯೋಡೇಟಾದಲ್ಲಿ ‘ಹವಾಲ್ದಾರ್ ಎಸ್‌ಕೆಟಿ, 24 ವರ್ಷ’ ಎಂದಷ್ಟೇ ಬರೆದರೆ ಕಂಪನಿಯ ಎಚ್‌ಆರ್‌ನವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಬಗೆಯ ಸಾಮಾನು ನೋಡಿಕೊಂಡರು, ಕೈಕೆಳಗೆ ಎಷ್ಟು ಜನ ಇದ್ದರು, ಲೆಕ್ಕ ಪುಸ್ತಕದಲ್ಲಿತ್ತೋ ಕಂಪ್ಯೂಟರಿನಲ್ಲೋ ಎಂದು ಬಿಡಿಸಿ ಬರೆಯಬೇಕು. ಟ್ಯಾಲಿ, ಎಕ್ಸೆಲ್ ಎರಡನ್ನೂ ಕಲಿತು ಬಂದರೆ ಮಾತು ಇನ್ನೂ ಸುಲಭ.

ಒಂದು ಕಷ್ಟವನ್ನು ಮುಚ್ಚಿಡುವುದಿಲ್ಲ. ಮೊದಲ ಸಂಬಳ ಸೇನೆಯ ಕೊನೆಯ ಸಂಬಳಕ್ಕಿಂತ ಕಡಿಮೆ ಇರಬಹುದು, ಮೇಲಿನವರು ಅವರಿಗಿಂತ ಹದಿನೈದು ವರ್ಷ ಚಿಕ್ಕವರಿರಬಹುದು. ಮನೆಯಲ್ಲೂ ಹಾಗೆಯೇ. ಇಷ್ಟು ವರ್ಷ ಮಕ್ಕಳ ಶಾಲೆ, ಬ್ಯಾಂಕು, ಅತ್ತೆ ಮಾವನ ಔಷಧ ಎಲ್ಲ ನೀವೊಬ್ಬರೇ ನಡೆಸಿದ್ದೀರಿ. ಅವರು ಬಂದ ಮೇಲೆ ಇಬ್ಬರಿಗೂ ಹೊಂದಿಕೊಳ್ಳಲು ಸಮಯ ಬೇಕು. ಪಿಂಚಣಿ ಇದೆ, ಆಸ್ಪತ್ರೆ ಖರ್ಚಿಗೆ ಇಸಿಎಚ್‌ಎಸ್ ಇದೆ. ಹಾಗಾಗಿ ಮೊದಲು ಸಿಕ್ಕ ಕೆಲಸಕ್ಕೆ ಗಾಬರಿಯಿಂದ ಜೋತುಬೀಳಬೇಕಿಲ್ಲ.

ಕಡೆಯದಾಗಿ ಮಾವನವರ ಮಾತು. ಹೊಲದ ಮೇಲಿನ ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನಿವೃತ್ತಿಯಲ್ಲಿ ಬರುವ ಗಂಟಿನಲ್ಲಿ ಗ್ರಾಚ್ಯುಟಿ, ಎಎಫ್‌ಪಿಪಿ ಫಂಡು, ಗುಂಪು ವಿಮೆಯ ಹಣದ ಜೊತೆಗೆ ಕಮ್ಯುಟೇಶನ್ ಹಣವೂ ಸೇರಿರುತ್ತದೆ. ಅದು ಹೆಚ್ಚುವರಿ ದುಡ್ಡಲ್ಲ. ಮುಂದಿನ ಪಿಂಚಣಿಯ ಭಾಗವನ್ನೇ ಈಗ ಮುಂಗಡವಾಗಿ ಪಡೆದದ್ದು. ಸೇನೆಯಲ್ಲಿ ಪಿಂಚಣಿಯ 50% ತನಕ ಹೀಗೆ ಪಡೆಯಬಹುದು. ಕಡಿತವಾದ ಭಾಗ ಮರಳಿ ಬರುವುದು 15 ವರ್ಷದ ನಂತರ. ತುಟ್ಟಿಭತ್ಯೆ ಮಾತ್ರ ಪೂರ್ಣ ಪಿಂಚಣಿಯ ಮೇಲೆಯೇ ಸಿಗುತ್ತದೆ. ಮಕ್ಕಳ ಓದು ಮುಗಿಯುವ ಮೊದಲೇ ಈ ಗಂಟನ್ನೆಲ್ಲ ಮಳೆ ನಂಬಿದ ಎರೆ ಹೊಲಕ್ಕೆ ಹಾಕುವುದು ನನ್ನ ಮಟ್ಟಿಗೆ ಆತುರ. ಜೋಳ, ಕಡಲೆ, ಹತ್ತಿ ಕೈಹಿಡಿಯುವ ವರ್ಷವೂ ಇದೆ, ಕೈಬಿಡುವ ವರ್ಷವೂ ಇದೆ. ಒಂದೆರಡು ಹಂಗಾಮು ಲಾವಣಿ ಹೊಲ ಮಾಡಿ ನೋಡಿ, ಆಮೇಲೆ ಕೊಳ್ಳುವ ಮಾತು ಆಡಲಿ.

ನೀವು ನಿಮ್ಮ ಮನೆಯವರ ರಜೆಗಾಗಿ ಕಾಯದೆ ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಮಾಜಿ ಸೈನಿಕರ ಗುರುತಿನ ಚೀಟಿಗೆ, ಉದ್ಯೋಗ ನೋಂದಣಿಗೆ ಏನೇನು ಕಾಗದ ಬೇಕೆಂದು ಅಲ್ಲಿ ಹೇಳುತ್ತಾರೆ. ನಿಮ್ಮ ಮತ್ತು ಮಕ್ಕಳ ಹೆಸರು, ಜನ್ಮದಿನಾಂಕಗಳು ಆಧಾರಿನಲ್ಲಿರುವಂತೆಯೇ ಸೇನೆಯ ದಾಖಲೆಯಲ್ಲೂ ಇವೆಯೇ ಎಂದು ನಿಮ್ಮ ಮನೆಯವರಿಂದ ತಿಳಿದುಕೊಳ್ಳಿ. ಒಂದಕ್ಷರ ವ್ಯತ್ಯಾಸವಿದ್ದರೂ ಅವರು ಯೂನಿಟ್ಟಿನಲ್ಲಿ ಇರುವಾಗಲೇ ಪಾರ್ಟ್ ಟು ಆರ್ಡರ್ ಮಾಡಿಸಿ ಸರಿಪಡಿಸಿಕೊಳ್ಳಲಿ. ನಾಳೆ ಕುಟುಂಬ ಪಿಂಚಣಿಗೂ, ಮಕ್ಕಳ ವಿದ್ಯಾರ್ಥಿವೇತನಕ್ಕೂ ನೋಡುವುದು ಅದೇ ದಾಖಲೆಯನ್ನು.